ಮನೆಗೆ ಬೆಲೆ ಕಟ್ಟುವ ಕೆಲಸದ ನಡುವೆ ನಿಂತ ಕಂಪನಿ: ಅಮೆರಿಕದ ರಾಜ್ಯ ನೋಂದಣಿ ಏನನ್ನು ಕಾಯುತ್ತದೆ, ಏನನ್ನು ಬಿಡುತ್ತದೆ

ಅಮೆರಿಕದಲ್ಲಿ ಸಾಲ ಮಾಡಿ ಮನೆ ಕೊಂಡವರಿಗೆ ಸಾಲದ ಖರ್ಚನ್ನೆಲ್ಲ ಬಿಡಿಸಿ ಬರೆದ, ಕ್ಲೋಸಿಂಗ್ ಡಿಸ್‌ಕ್ಲೋಷರ್ ಅನ್ನುವ ಐದು ಪುಟದ ಕಾಗದ ಗೊತ್ತಿರುತ್ತದೆ. ಸಹಿ ಹಾಕುವುದಕ್ಕೆ ಮೂರು ಕೆಲಸದ ದಿನ ಮೊದಲೇ ಅದು ಕೈಗೆ ಸಿಗಬೇಕು ಅಂತ ಕಾನೂನೇ ಇದೆ. ಅದರ ಎರಡನೇ ಪುಟದಲ್ಲಿ, ಕೊಳ್ಳುವವರು ತಾವಾಗಿ ಆರಿಸಿಕೊಳ್ಳಲಾಗದ ಸೇವೆಗಳ ಪಟ್ಟಿಯೊಳಗೆ, ಅಪ್ರೈಸಲ್ ಫೀ ಅಂತ ಒಂದು ಮೊತ್ತ ಇರುತ್ತದೆ. ಐನೂರು, ಆರುನೂರು ಡಾಲರ್, ಊರು ದುಬಾರಿಯಾದರೆ ಇನ್ನೂ ಜಾಸ್ತಿ. ಲಕ್ಷಗಟ್ಟಲೆ ಡಾಲರಿನ ವ್ಯವಹಾರದಲ್ಲಿ ಇದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಫ್ರಿಸ್ಕೋದಲ್ಲೋ, ಫ್ರೀಮಾಂಟಿನಲ್ಲೋ, ಎಡಿಸನ್ನಿನಲ್ಲೋ ಮನೆ ಮಾಡಿದ ನಮ್ಮವರೂ ನೋಡಿರಲಿಕ್ಕಿಲ್ಲ.

ಆ ದುಡ್ಡು ಮನೆಗೆ ಬಂದು, ಅಳತೆ ಮಾಡಿ, ಫೋಟೋ ತೆಗೆದು, ಬೆಲೆ ಕಟ್ಟಿದ ಅಪ್ರೈಸರ್‌ಗೆ ಹೋಗುತ್ತದೆ ಅಂತ ಅಂದುಕೊಳ್ಳುವುದು ಸಹಜ. ಬಹಳಷ್ಟು ಸಲ ಪೂರ್ತಿ ಹೋಗುವುದಿಲ್ಲ. ನಡುವೆ ಒಂದು ಕಂಪನಿ ಇರುತ್ತದೆ. ಅಪ್ರೈಸಲ್ ಮ್ಯಾನೇಜ್‌ಮೆಂಟ್ ಕಂಪನಿ, ಆ ವಲಯದವರ ಬಾಯಲ್ಲಿ ಎಎಂಸಿ. ಲೆಂಡರ್, ಅಂದರೆ ಸಾಲ ಕೊಡುವವರು, ಇದಕ್ಕೆ ಆರ್ಡರ್ ಕೊಡುತ್ತಾರೆ. ಇದು ತನ್ನ ಪ್ಯಾನೆಲ್‌ನಲ್ಲಿರುವ ಅಪ್ರೈಸರ್‌ಗಳಲ್ಲಿ ಒಬ್ಬರಿಗೆ ಕೆಲಸ ಹಂಚುತ್ತದೆ, ಬಂದ ವರದಿಯನ್ನು ಪರಿಶೀಲಿಸಿ ಲೆಂಡರ್‌ಗೆ ದಾಟಿಸುತ್ತದೆ, ಫೀಯಲ್ಲಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಅಪ್ರೈಸರ್‌ಗೆ ಕೊಡುತ್ತದೆ.

ಈ ಕಂಪನಿಗಳು ಈಗ ರಾಜ್ಯ ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಟೆಕ್ಸಸ್ಸಿನಲ್ಲಿ ಅಪ್ರೈಸರ್‌ಗಳಿಗೆ ಲೈಸೆನ್ಸ್ ಕೊಡುವ ಬೋರ್ಡೇ ಇದನ್ನೂ ನೋಡಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ರಿಯಲ್ ಎಸ್ಟೇಟ್ ಅಪ್ರೈಸರ್ಸ್ ಬ್ಯೂರೋ ಇದೆ. ನೋಂದಣಿ ಇದೆ ಅಂದ ಮೇಲೆ ಎಲ್ಲ ಸರಿ ಇರಬೇಕು ಅಲ್ವಾ? ಅರ್ಧ ಸರಿ ಇದೆ. ನಡುವೆ ಯಾರು ನಿಲ್ಲಬಹುದು ಅನ್ನುವುದನ್ನು ಈ ನಿಯಮಗಳು ಚೆನ್ನಾಗಿಯೇ ಹೇಳುತ್ತವೆ. ನಿಂತವರು ಎಷ್ಟು ತೆಗೆದುಕೊಳ್ಳುತ್ತಾರೆ ಅನ್ನುವುದು ದುಡ್ಡು ಕೊಟ್ಟವರ ಕಣ್ಣಿಗೆ ಬೀಳುವಂತೆ ಮಾಡಿಲ್ಲ. ನನ್ನ ತಕರಾರು ಅದೊಂದೇ.

ಒತ್ತಡದ ಕಾಲ

ಇದು ಬಂದ ದಾರಿ ಸ್ವಲ್ಪ ವಿಚಿತ್ರ.

ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಠೇವಣಿ ಪಡೆದು ಮನೆಸಾಲ ಕೊಡುವ ಸೇವಿಂಗ್ಸ್ ಅಂಡ್ ಲೋನ್ ಸಂಸ್ಥೆಗಳು ಸಾಲು ಸಾಲಾಗಿ ಮುಳುಗಿದವು. ಆಸ್ತಿಗೆ ಸುಮ್ನೆ ಜಾಸ್ತಿ ಬೆಲೆ ಕಟ್ಟಿ ಸಾಲ ಕೊಟ್ಟದ್ದು ಕಾರಣಗಳಲ್ಲಿ ಒಂದು. ಅದಕ್ಕೆ ಉತ್ತರವಾಗಿ 1989ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಒಂದು ಕಾನೂನು ಮಾಡಿತು. ಅದನ್ನು ಎಲ್ಲರೂ ಫಿರಿಯಾ ಅನ್ನುತ್ತಾರೆ. ಪ್ರತಿ ರಾಜ್ಯವೂ ಅಪ್ರೈಸರ್‌ಗಳಿಗೆ ಲೈಸೆನ್ಸ್ ಕೊಡುವ ವ್ಯವಸ್ಥೆ ಬಂದದ್ದು ಅದರಿಂದ. ರಾಜ್ಯಗಳು ಸರಿಯಾಗಿ ನಡೆದುಕೊಳ್ಳುತ್ತಿವೆಯೇ ಅಂತ ನೋಡಲು ಅಪ್ರೈಸಲ್ ಸಬ್‌ಕಮಿಟಿ ಅನ್ನುವ ಕೇಂದ್ರದ ಸಂಸ್ಥೆ ಹುಟ್ಟಿತು. ಬೆಲೆ ಕಟ್ಟುವ ಪದ್ಧತಿಗೆ ಯುಸ್‌ಪ್ಯಾಪ್ ಅನ್ನುವ ಒಂದೇ ನಿಯಮಾವಳಿಯನ್ನು ಎಲ್ಲರೂ ಪಾಲಿಸಬೇಕಾಯಿತು.

ಆದರೆ ಕೆಲಸ ಕೊಡುವವರು ಯಾರು? ಆಗ ಹೆಚ್ಚಾಗಿ ಮಾರ್ಟ್‌ಗೇಜ್ ಬ್ರೋಕರ್ ಅಥವಾ ಬ್ಯಾಂಕಿನ ಲೋನ್ ಆಫೀಸರ್. ಸಾಲ ಪಾಸಾದರೆ ಮಾತ್ರ ಅವರಿಗೆ ಕಮಿಷನ್. ಬೆಲೆ ಕಡಿಮೆ ಬಂದರೆ ಸಾಲ ನಿಲ್ಲುತ್ತದೆ. ಮನೆಗೆ ಐದು ಲಕ್ಷ ಬೇಕು ಅಂದಾಗ ನಾಲ್ಕು ಮುಕ್ಕಾಲು ಅಂದ ಅಪ್ರೈಸರ್‌ಗೆ ಮುಂದಿನ ಆರ್ಡರ್ ಬರುವುದಿಲ್ಲ. ಯಾರೂ ಬೆದರಿಸಬೇಕಾಗಿಲ್ಲ, ಫೋನ್ ಬಾರದಿದ್ದರೆ ಸಾಕು. 2008ರ ಹಣಕಾಸು ಕುಸಿತದ ತನಿಖೆಗೆ ನೇಮಿಸಿದ ಆಯೋಗದ ವರದಿಯಲ್ಲಿ ಇದರ ಅಂಕಿ ಇದೆ. 2003ರ ಸಮೀಕ್ಷೆಯಲ್ಲಿ ನೂರಕ್ಕೆ 55 ಅಪ್ರೈಸರ್‌ಗಳು ಬೆಲೆ ಏರಿಸಲು ಒತ್ತಡ ಬಂದಿದೆ ಅಂದಿದ್ದರು. 2006ರ ಹೊತ್ತಿಗೆ ಅದು 90ಕ್ಕೆ ಏರಿತ್ತು. ಆ ವರ್ಷಗಳಲ್ಲೇ ಸುಮಾರು 11,000 ಅಪ್ರೈಸರ್‌ಗಳು ಸಹಿ ಹಾಕಿ ವಾಷಿಂಗ್ಟನ್ನಿಗೆ ಮನವಿ ಕೊಟ್ಟಿದ್ದರು. ಯಾರೂ ಕಿವಿಗೊಡಲಿಲ್ಲ.

2007ರ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಂಡ್ರೂ ಕ್ವೋಮೊ ಒಂದು ಕೇಸು ಹಾಕಿದರು. ಫಸ್ಟ್ ಅಮೆರಿಕನ್ ಅನ್ನುವ ಕಂಪನಿ ಮತ್ತು ಅದರ ಅಂಗಸಂಸ್ಥೆ ಇ-ಅಪ್ರೈಸ್‌ಐಟಿ ಮೇಲೆ. ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕಿನ ಒತ್ತಡಕ್ಕೆ ಬಗ್ಗಿ, ಬ್ಯಾಂಕಿಗೆ ಬೇಕಾದ ಬೆಲೆ ಕೊಡುವ ಅಪ್ರೈಸರ್‌ಗಳಿಗೇ ಕೆಲಸ ಹಂಚಿದರು ಅನ್ನುವುದು ಆರೋಪ. ಈ ಇ-ಅಪ್ರೈಸ್‌ಐಟಿ ಒಂದು ಎಎಂಸಿ. ಇದು ಕೇಂದ್ರಕ್ಕೆ ಬಿಟ್ಟ ವಿಷಯ, ರಾಜ್ಯಕ್ಕೆ ಇಲ್ಲಿ ಅಧಿಕಾರವೇ ಇಲ್ಲ ಅಂತ ಕಂಪನಿ ವಾದಿಸಿತು. 2011ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. 2012ರಲ್ಲಿ 78 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ವಾಷಿಂಗ್ಟನ್ ಮ್ಯೂಚುವಲ್ ಇರಲೇ ಇಲ್ಲ. 2008ರ ಸೆಪ್ಟೆಂಬರಿನಲ್ಲೇ ಅದು ಮುಳುಗಿತ್ತು. ಅಮೆರಿಕದ ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ಬ್ಯಾಂಕ್ ಮುಳುಗಿಲ್ಲ.

ಅಟಾರ್ನಿ ಜನರಲ್ ಅಲ್ಲಿಗೇ ನಿಲ್ಲಲಿಲ್ಲ. ಮನೆಸಾಲಗಳನ್ನು ಕೊಳ್ಳುವ ಎರಡು ದೈತ್ಯರಾದ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಜೊತೆ 2008ರ ಮಾರ್ಚಿನಲ್ಲಿ ಒಪ್ಪಂದ ಮಾಡಿಕೊಂಡರು. ಅದರಿಂದ ಬಂದ ನಡವಳಿಕೆ ಸಂಹಿತೆ 2009ರ ಮೇ 1ರಿಂದ ಜಾರಿಯಾಯಿತು. ಬ್ರೋಕರ್ ಅಪ್ರೈಸರ್‌ರನ್ನು ಆರಿಸುವಂತಿಲ್ಲ. ಸಾಲ ಮಾರುವ ಸಿಬ್ಬಂದಿಯೂ ಆರಿಸುವಂತಿಲ್ಲ. ಇಬ್ಬರ ನಡುವೆ ಗೋಡೆ ಬೇಕು.

ಗೋಡೆ ಕಟ್ಟಲು ಲೆಂಡರ್‌ಗಳಿಗೆ ಸುಲಭದ ದಾರಿ ಯಾವುದಿತ್ತು? ಆರ್ಡರ್ ಕೊಡುವ ಕೆಲಸವನ್ನೇ ಹೊರಗಿನವರಿಗೆ ವಹಿಸುವುದು. ಅಂದರೆ ಎಎಂಸಿಗೆ. ಆ ತನಕ ಮೂಲೆಯಲ್ಲಿದ್ದ ಈ ಉದ್ಯಮ ವರ್ಷದೊಳಗೆ ನಡುಮನೆಗೆ ಬಂತು. ಎಎಂಸಿಯೊಂದರ ಮೇಲೆ ಹಾಕಿದ ಕೇಸಿನಿಂದ ಹುಟ್ಟಿದ ಪರಿಹಾರ ಎಎಂಸಿಗಳಿಗೇ ವ್ಯಾಪಾರ ತಂದುಕೊಟ್ಟಿತು. ಸಂಹಿತೆ ಎಎಂಸಿಯನ್ನು ಬಳಸಲೇಬೇಕು ಅಂತ ಎಲ್ಲೂ ಹೇಳಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಬ್ಯಾಂಕು ತನ್ನಲ್ಲೇ ಪ್ರತ್ಯೇಕ ವಿಭಾಗ ಮಾಡಿಕೊಳ್ಳಬಹುದಿತ್ತು. ಕೆಲವು ಮಾಡಿಕೊಂಡವು. ಆದರೆ ಎಎಂಸಿಯ ಖರ್ಚು ಕೊಳ್ಳುವವರ ಫೀಯೊಳಗೇ ಮುಗಿಯುವಾಗ, ಪ್ರತ್ಯೇಕ ವಿಭಾಗಕ್ಕೆ ಕೈಯಿಂದ ಯಾಕೆ ಸಂಬಳ ಕೊಡುತ್ತಾರೆ?

ಇಷ್ಟು ದೊಡ್ಡದಾದ ಮೇಲೆ ಪ್ರಶ್ನೆ ಎದ್ದಿತು. ಅಪ್ರೈಸರ್‌ಗೆ ಲೈಸೆನ್ಸ್ ಇದೆ, ಬ್ಯಾಂಕಿಗೆ ನಿಯಂತ್ರಕರಿದ್ದಾರೆ, ನಡುವಿನ ಕಂಪನಿಗೆ ಯಾರೂ ಇಲ್ಲ. ಲೈಸೆನ್ಸ್ ಕಳೆದುಕೊಂಡ ಅಪ್ರೈಸರ್ ಮರುದಿನ ಎಎಂಸಿ ತೆರೆದರೂ ಕೇಳುವವರಿರಲಿಲ್ಲ. ಆರ್ಕನ್ಸಾ, ಯೂಟಾ, ಲೂಸಿಯಾನಾದಂಥ ರಾಜ್ಯಗಳು 2009ರಲ್ಲೇ ತಮ್ಮ ತಮ್ಮ ಕಾನೂನು ಮಾಡಿದವು. ಕುಸಿತದ ನಂತರ ಹಣಕಾಸು ವಲಯವನ್ನು ಬಿಗಿ ಮಾಡಲು 2010ರ ಜುಲೈನಲ್ಲಿ ಬಂದ ಡಾಡ್-ಫ್ರಾಂಕ್ ಕಾನೂನು ಇಡೀ ದೇಶಕ್ಕೆ ಒಂದು ಕನಿಷ್ಠ ಮಟ್ಟ ಹಾಕಲು ಹೇಳಿತು.

ಕೇಂದ್ರದ ನಿಯಮ, ರಾಜ್ಯದ ರಿಜಿಸ್ಟರ್

ಆ ಕನಿಷ್ಠ ಮಟ್ಟ ಕಾಗದಕ್ಕೆ ಬರಲು ಐದು ವರ್ಷ ಹಿಡಿಯಿತು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಸೇರಿ ಆರು ಸಂಸ್ಥೆಗಳು ಒಟ್ಟಿಗೆ ಕೂತು ಬರೆದ ಅಂತಿಮ ನಿಯಮ 2015ರ ಜೂನ್ 9ರಂದು ಪ್ರಕಟವಾಗಿ ಆಗಸ್ಟ್ 10ರಿಂದ ಜಾರಿಗೆ ಬಂತು. ರಾಜ್ಯಗಳಿಗೆ ಮೂರು ವರ್ಷದ ಗಡುವು, ಅಂದರೆ 2018ರ ಆಗಸ್ಟ್ 10. ಕೆಲಸ ಸಾಕಷ್ಟು ಮುಂದುವರಿದಿದ್ದರೆ ಇನ್ನೊಂದು ವರ್ಷದ ವಿನಾಯಿತಿ.

ಕೇಂದ್ರವೇ ನೇರವಾಗಿ ನೋಂದಣಿ ಮಾಡಬಹುದಿತ್ತಲ್ಲ ಅನ್ನಿಸಬಹುದು. ಆದರೆ ಅಪ್ರೈಸರ್ ಲೈಸೆನ್ಸ್ 1989ರಿಂದ ರಾಜ್ಯಗಳ ಕೈಯಲ್ಲಿದೆ. ಅದೇ ಹಳಿಯ ಮೇಲೆ ಇದನ್ನೂ ಓಡಿಸಿದರು. ಅಮೆರಿಕದ ಸಂವಿಧಾನದ ಪ್ರಕಾರ ಹೀಗೇ ಕಾನೂನು ಮಾಡಿ ಅಂತ ಕೇಂದ್ರ ರಾಜ್ಯಕ್ಕೆ ಆಜ್ಞೆ ಮಾಡಲು ಬರುವುದಿಲ್ಲ. ಹಾಗಾಗಿ ಬೇರೆ ದಾರಿ ಹಿಡಿದರು. ನೋಂದಣಿ ವ್ಯವಸ್ಥೆ ಮಾಡುವುದು ಬಿಡುವುದು ರಾಜ್ಯದ ಇಷ್ಟ. ಮಾಡದಿದ್ದರೆ, ಬ್ಯಾಂಕಿನ ಮಾಲೀಕತ್ವದಲ್ಲಿ ಇಲ್ಲದ ಎಎಂಸಿಗಳು ಆ ರಾಜ್ಯದಲ್ಲಿ ಕೇಂದ್ರದ ನಿಯಮಕ್ಕೆ ಒಳಪಟ್ಟ ಮನೆಸಾಲಗಳಿಗೆ ಸೇವೆ ಕೊಡುವಂತಿಲ್ಲ. ಯಾವ ಶಾಸಕರೂ ತಮ್ಮ ಊರಿನಲ್ಲಿ ಮನೆಸಾಲ ನಿಧಾನವಾಗಲಿ ಅಂತ ಬಯಸುವುದಿಲ್ಲ. ಒಂದೊಂದಾಗಿ ಎಲ್ಲರೂ ಒಳಗೆ ಬಂದರು.

ಇಡೀ ಕಥೆಗೆ ಕಾರಣವಾದ ನ್ಯೂಯಾರ್ಕ್ ಮಾತ್ರ ಕೊನೆಯವರ ಗುಂಪಿನಲ್ಲಿತ್ತು. 2018ರ ಕೊನೆಯಲ್ಲಿ ಅಲ್ಲಿನ ಕಾನೂನಿಗೆ ಸಹಿ ಬಿತ್ತು. ಸಹಿ ಹಾಕಿದ ಗವರ್ನರ್ ಹೆಸರು ಆಂಡ್ರೂ ಕ್ವೋಮೊ.

ಯಾರು ನೋಂದಣಿ ಮಾಡಿಸಬೇಕು? ಒಂದು ವರ್ಷದಲ್ಲಿ ಒಂದು ರಾಜ್ಯದೊಳಗೆ 15ಕ್ಕಿಂತ ಹೆಚ್ಚು, ಇಲ್ಲವೇ ಎರಡು ಅಥವಾ ಹೆಚ್ಚು ರಾಜ್ಯಗಳಲ್ಲಿ ಸೇರಿ 25 ಅಥವಾ ಅದಕ್ಕೂ ಹೆಚ್ಚು ಅಪ್ರೈಸರ್‌ಗಳ ಪ್ಯಾನೆಲ್ ನಡೆಸುವವರು. ಪ್ಯಾನೆಲ್ ಅಂದರೆ ಸ್ವತಂತ್ರವಾಗಿ ಕೆಲಸ ಮಾಡುವವರ ಪಟ್ಟಿ. ಅಪ್ರೈಸರ್‌ಗಳನ್ನು ಸಂಬಳಕ್ಕೆ ಇಟ್ಟುಕೊಂಡ ಸಂಸ್ಥೆ ಈ ಲೆಕ್ಕಕ್ಕೆ ಬರುವುದಿಲ್ಲ. ಕೊಳ್ಳುವವರು ತಾವೇ ಇರುವ ಮುಖ್ಯ ಮನೆಗೆ ಮಾಡುವ ಸಾಲಕ್ಕೆ ಮಾತ್ರ ಕೇಂದ್ರದ ನಿಯಮ ಅನ್ವಯ. ಬಾಡಿಗೆಗೆ ಬಿಡಲೆಂದು ಕೊಂಡ ಮನೆ, ಅಂಗಡಿ ಮಳಿಗೆ ಇದರ ಹೊರಗೆ. ರಾಜ್ಯಗಳು ಬೇಕಿದ್ದರೆ ಇನ್ನೂ ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ.

ಬ್ಯಾಂಕೇ ಮಾಲೀಕತ್ವ ಮತ್ತು ಹಿಡಿತ ಇಟ್ಟುಕೊಂಡಿರುವ ಎಎಂಸಿ ರಾಜ್ಯದಲ್ಲಿ ನೋಂದಣಿ ಮಾಡಿಸಬೇಕಾಗಿಲ್ಲ. ಬ್ಯಾಂಕಿನ ನಿಯಂತ್ರಕರೇ ಅದನ್ನು ನೋಡಿಕೊಳ್ಳುತ್ತಾರೆ. ಉಳಿದ ಕರ್ತವ್ಯಗಳು ಅದಕ್ಕೂ ಇವೆ.

ಕರ್ತವ್ಯಗಳು ಜಾಸ್ತಿ ಏನಿಲ್ಲ. ಲೈಸೆನ್ಸ್ ಇರುವವರಿಗೇ ಕೆಲಸ ಕೊಡಬೇಕು. ವರದಿ ಯುಸ್‌ಪ್ಯಾಪ್ ಪ್ರಕಾರ ಇರಬೇಕು. ಬೆಲೆಯ ವಿಷಯದಲ್ಲಿ ಅಪ್ರೈಸರ್ ಮೇಲೆ ಯಾರೂ ಒತ್ತಡ ತರದಂತೆ ನೋಡಿಕೊಳ್ಳಬೇಕು. ರಾಜ್ಯ ಲೆಕ್ಕಪತ್ರ ಕೇಳಿದರೆ ತೋರಿಸಬೇಕು. ಮಾಲೀಕರ ಬಗ್ಗೆ ಮಾತ್ರ ನಿಯಮ ಗಟ್ಟಿಯಾಗಿದೆ. ಗಂಭೀರ ಕಾರಣಕ್ಕೆ ಅಪ್ರೈಸರ್ ಲೈಸೆನ್ಸ್ ರದ್ದಾಗಿ ಮತ್ತೆ ಸಿಗದವರಿಗೆ ಕಂಪನಿಯಲ್ಲಿ ಸಣ್ಣ ಪಾಲೂ ಇರಕೂಡದು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಪಾಲು ಇರುವವರು ಒಳ್ಳೆಯ ನಡತೆಯವರಾಗಿರಬೇಕು, ಅವರ ಹಿನ್ನೆಲೆ ಪರಿಶೀಲನೆಯೂ ಆಗಬೇಕು. ಮೊದಲಿನ ಅನಾಯಕತ್ವಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆಯೇ.

ಇದರ ಮೇಲೆ ರಾಜ್ಯಗಳು ತಮ್ಮದನ್ನು ಸೇರಿಸಿವೆ. ಕೆಲವು ಕಡೆ ಶೂರಿಟಿ ಬಾಂಡ್ ಬೇಕು, ಅಂದರೆ ಕಂಪನಿ ಬಾಕಿ ಉಳಿಸಿಕೊಂಡರೆ ತೀರಿಸಲು ಒಂದು ಜಾಮೀನು. ಇಲಿನಾಯ್‌ನಲ್ಲಿ ಅದು 25,000 ಡಾಲರ್. ವರದಿ ಕೊಟ್ಟ ಎಷ್ಟು ದಿನದೊಳಗೆ ಅಪ್ರೈಸರ್‌ಗೆ ದುಡ್ಡು ಕೊಡಬೇಕು ಅಂತ ಗಡುವು ಇದೆ. ನಾರ್ತ್ ಕೆರೊಲೈನಾದಲ್ಲಿ 30 ದಿನ. ಕಾರಣ ಹೇಳದೆ ಪ್ಯಾನೆಲ್‌ನಿಂದ ತೆಗೆಯುವಂತಿಲ್ಲ ಅನ್ನುವ ನಿಯಮವೂ ಹಲವು ಕಡೆ ಇದೆ. ಮೇಲ್ನೋಟಕ್ಕೆ ಸಣ್ಣ ವಿಷಯ ಅನ್ನಿಸಬಹುದು. ಹಿಂದೆ ಫೋನ್ ಬಾರದೇ ಇದ್ದುದೇ ಶಿಕ್ಷೆಯಾಗಿತ್ತಲ್ಲ, ಅದನ್ನು ತಡೆಯಲು ನೇರವಾಗಿ ಕೈಹಾಕಿದ್ದು ಇದೊಂದೇ.

ಬಾಂಡಿನ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಎಎಂಸಿಯೊಂದು ಬಾಗಿಲು ಹಾಕಿದರೆ ನೂರಾರು ಅಪ್ರೈಸರ್‌ಗಳ ದುಡ್ಡು ಒಟ್ಟಿಗೆ ನಿಲ್ಲುತ್ತದೆ. ಒಂದು ವರದಿಗೆ 400 ಡಾಲರ್ ಅಂತ ಇಟ್ಟುಕೊಂಡರೂ 25,000 ಡಾಲರಿನಲ್ಲಿ 62 ವರದಿಗಳ ಬಾಕಿ ತೀರುತ್ತದೆ. ಹಲವು ರಾಜ್ಯಗಳಲ್ಲಿ ದಿನಕ್ಕೆ ನೂರಾರು ಆರ್ಡರ್ ನಡೆಸುವ ಕಂಪನಿಗೆ ಅದು ಯಾವ ಮೂಲೆಗೆ?

ಫೀ ವಿಷಯಕ್ಕೆ ಬಂದರೆ ಇನ್ನೊಂದು ಲೆಕ್ಕವಿದೆ. ರಾಜ್ಯಕ್ಕೆ ಕಟ್ಟುವ ನೋಂದಣಿ ಶುಲ್ಕದ ಜೊತೆಗೆ ಅಪ್ರೈಸಲ್ ಸಬ್‌ಕಮಿಟಿಯ ರಾಷ್ಟ್ರೀಯ ರಿಜಿಸ್ಟರಿಗೂ ಕಟ್ಟಬೇಕು. ಆ ರಾಜ್ಯದಲ್ಲಿ ವರ್ಷದಲ್ಲಿ ಕಂಪನಿಗಾಗಿ ಕೆಲಸ ಮಾಡಿದ ಒಬ್ಬೊಬ್ಬ ಅಪ್ರೈಸರ್‌ಗೆ 25 ಡಾಲರ್. ಆ ರಿಜಿಸ್ಟರ್ 2018ರ ಜುಲೈನಲ್ಲಿ ತೆರೆಯಿತು. ದೊಡ್ಡ ಮೊತ್ತವೇನಲ್ಲ. ಆದರೆ ಎಳೆಯುವ ದಿಕ್ಕು ನೋಡಿ. ವರ್ಷಕ್ಕೆ ಒಂದೇ ಒಂದು ಕೆಲಸ ಮಾಡಿದ ಹಳ್ಳಿ ಕಡೆಯ ಅಪ್ರೈಸರ್‌ಗೂ 25, ಇನ್ನೂರು ಮಾಡಿದ ನಗರದವರಿಗೂ 25. ಕಡಿಮೆ ಜನರಿಗೆ ಹೆಚ್ಚು ಕೆಲಸ ಕೊಟ್ಟರೆ ಕಂಪನಿಗೆ ಲಾಭ. ಆ ಊರಿನ ಸಂದುಗೊಂದು ಬಲ್ಲವರಿಗೆ ಕೆಲಸ ಸಿಗಲಿ ಅನ್ನುವುದು ಆಶಯವಾಗಿದ್ದರೆ, ಈ ಲೆಕ್ಕ ಅದಕ್ಕೆ ಎದುರಾಗಿ ಕೂತಿದೆ.

ಲೂಸಿಯಾನಾದ ಪಾಠ

ಈಗ ನಿಜವಾದ ಜಗಳಕ್ಕೆ ಬರೋಣ. ನೀವು 600 ಡಾಲರ್ ಕೊಟ್ಟಿರಿ ಅಂದುಕೊಳ್ಳಿ. ಅಪ್ರೈಸರ್ ಕೈಗೆ 400 ಬಂತು. ಉಳಿದ 200ರ ಬಗ್ಗೆ ಕಾನೂನು ಏನು ಹೇಳುತ್ತದೆ?

ಡಾಡ್-ಫ್ರಾಂಕ್ ಕಾನೂನು ಇದನ್ನು ಯೋಚಿಸಿತ್ತು. ಆಯಾ ಊರಿನ ಮಾರುಕಟ್ಟೆಯಲ್ಲಿ ರೂಢಿಯಲ್ಲಿರುವ ನ್ಯಾಯವಾದ ಫೀಯನ್ನೇ ಅಪ್ರೈಸರ್‌ಗೆ ಕೊಡಬೇಕು ಅಂತ ಅದರಲ್ಲಿದೆ. ರೂಢಿ ಯಾವುದು ಅಂತ ತಿಳಿಯಲು ಸರ್ಕಾರಿ ದರಪಟ್ಟಿ, ವಿಶ್ವವಿದ್ಯಾಲಯದ ಅಧ್ಯಯನ, ಸ್ವತಂತ್ರ ಸಮೀಕ್ಷೆ ನೋಡಬಹುದು. ಅಂಥ ಅಧ್ಯಯನದಲ್ಲಿ ಎಎಂಸಿ ಮೂಲಕ ಬಂದ ಕೆಲಸಗಳನ್ನು ಸೇರಿಸಬಾರದು ಅಂತಲೂ ಇದೆ. ಜಾಣ ಮಾತು. ಎಎಂಸಿ ಕೊಡುವ ಕಡಿಮೆ ದರವೇ ರೂಢಿಯಾಗಿಬಿಟ್ಟರೆ ನಿಯಮಕ್ಕೆ ಅರ್ಥವೇ ಇರುವುದಿಲ್ಲ.

ಆದರೆ 2010ರ ಅಕ್ಟೋಬರಿನಲ್ಲಿ ಫೆಡರಲ್ ರಿಸರ್ವ್ ಇದನ್ನು ಜಾರಿ ಮಾಡಲು ನಿಯಮ ಬರೆದಾಗ ಎರಡು ಬಾಗಿಲು ಇಟ್ಟಿತು. ಒಂದು, ಮೇಲೆ ಹೇಳಿದ ಅಧ್ಯಯನಗಳ ದಾರಿ. ಇನ್ನೊಂದು, ಹಿಂದಿನ ಒಂದು ವರ್ಷದಲ್ಲಿ ಆ ಊರಿನಲ್ಲಿ ಇಂಥ ಕೆಲಸಕ್ಕೆ ಕೊಟ್ಟ ದರವನ್ನು ನೋಡಿ, ಕೆಲಸದ ಕಷ್ಟ, ಸಮಯ, ಅನುಭವ ಮುಂತಾದ ಅಂಶಗಳಿಗೆ ತಕ್ಕಂತೆ ಹೊಂದಿಸಿಕೊಳ್ಳುವ ದಾರಿ. ಈ ಎರಡನೆಯದರಲ್ಲಿ ಎಎಂಸಿ ದರಗಳನ್ನು ಹೊರಗಿಡಬೇಕು ಅನ್ನುವ ಮಾತಿಲ್ಲ. ಎಲ್ಲರೂ ಯಾವ ಬಾಗಿಲಿನಿಂದ ಹೋದರು ಅಂತ ಹೇಳಬೇಕಾಗಿಲ್ಲ. ತಾವೇ ಕೊಟ್ಟ ದರ ತಮಗೇ ಸಾಕ್ಷಿ.

ಲೂಸಿಯಾನಾ ಇದನ್ನು ಸುಮ್ಮನೆ ಬಿಡಲಿಲ್ಲ. 2012ರಲ್ಲಿ ಅಲ್ಲಿನ ಶಾಸನಸಭೆ ಎಎಂಸಿಗಳು ನ್ಯಾಯವಾದ ಫೀ ಕೊಡಲೇಬೇಕು ಅಂತ ಕಾನೂನು ಮಾಡಿತು. ರಾಜ್ಯದ ಅಪ್ರೈಸರ್ ಬೋರ್ಡು ಅದಕ್ಕೆ ನಿಯಮ ಬರೆಯಿತು. ಸೌತ್‌ಈಸ್ಟರ್ನ್ ಲೂಸಿಯಾನಾ ಯೂನಿವರ್ಸಿಟಿಯಿಂದ ಫೀ ಸಮೀಕ್ಷೆ ಮಾಡಿಸಿತು. ಕಡಿಮೆ ಕೊಟ್ಟವರ ಮೇಲೆ ಕ್ರಮ ಶುರುವಾಯಿತು.

2017ರ ಮೇನಲ್ಲಿ ಕೇಂದ್ರದ ಫೆಡರಲ್ ಟ್ರೇಡ್ ಕಮಿಷನ್ ಬೋರ್ಡಿನ ಮೇಲೆಯೇ ದೂರು ಹಾಕಿತು. ನೀವು ಸ್ಪರ್ಧೆಯನ್ನು ಕೊಂದು ಬೆಲೆ ನಿಗದಿ ಮಾಡುತ್ತಿದ್ದೀರಿ ಅಂತ. ಕಮಿಷನ್ನಿನ ವಾದಕ್ಕೂ ಆಧಾರವಿತ್ತು. ಬೋರ್ಡಿನಲ್ಲಿ ಬಹುಮತ ಯಾರದ್ದು? ವೃತ್ತಿಯಲ್ಲಿರುವ ಅಪ್ರೈಸರ್‌ಗಳದ್ದೇ. ಅಪ್ರೈಸರ್‌ಗಳೇ ಕೂತು ಅಪ್ರೈಸರ್‌ಗಳ ಫೀ ಎಷ್ಟಿರಬೇಕು ಅಂತ ಹೇಳಿದರೆ ಅದು ಸರ್ಕಾರದ ಕೆಲಸವೋ ಸಂಘದ ಕೆಲಸವೋ? ಎರಡು ವರ್ಷ ಹಿಂದೆ, 2015ರಲ್ಲಿ, ನಾರ್ತ್ ಕೆರೊಲೈನಾದ ದಂತವೈದ್ಯರ ಬೋರ್ಡಿನ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತ್ತು. ವೃತ್ತಿಯವರೇ ತುಂಬಿದ ಬೋರ್ಡಿಗೆ, ರಾಜ್ಯ ಸರ್ಕಾರ ಮೇಲೆ ನಿಂತು ನಿಜವಾಗಿ ಉಸ್ತುವಾರಿ ಮಾಡದಿದ್ದರೆ, ಸರ್ಕಾರದ ರಕ್ಷಾಕವಚ ಸಿಗುವುದಿಲ್ಲ ಅಂತ. ಲೂಸಿಯಾನಾದ ಗವರ್ನರ್ 2017ರಲ್ಲೇ ಉಸ್ತುವಾರಿಗೆ ಆದೇಶ ಹೊರಡಿಸಿದರು. ಆದರೂ ಜಗಳ ಕೋರ್ಟು, ಮೇಲಿನ ಕೋರ್ಟು ಅಂತ ಎಳೆದು ಕೊನೆಗೆ 2022ರಲ್ಲಿ ರಾಜಿಯಾಯಿತು. ಬೋರ್ಡು ಹಿಂದೆ ಸರಿಯಿತು.

ಯಾರು ಸರಿ? ನನಗೆ ಕಾಣುವಂತೆ ಇಬ್ಬರೂ ಸ್ವಲ್ಪ ಸ್ವಲ್ಪ ಸರಿ, ಪ್ರಶ್ನೆ ಕೇಳಿದ ರೀತಿ ತಪ್ಪು. ಅಪ್ರೈಸರ್‌ಗೆ ಇಷ್ಟೇ ಕೊಡಿ ಅಂತ ಬೋರ್ಡು ಹೇಳಿದರೆ ಅದು ಬೆಲೆ ನಿಗದಿಯಾಗಿ ಕಾಣುತ್ತದೆ. ಏನೂ ಹೇಳದೆ ಬಿಟ್ಟರೆ, ನಡುವೆ ಇರುವ ದೊಡ್ಡ ಕಂಪನಿ ಒಂಟಿ ಅಪ್ರೈಸರ್ ಎದುರು ತನ್ನ ದರ ಹೇರುತ್ತದೆ. ಮೂರನೇ ದಾರಿ ಒಂದಿದೆ, ಅದು ತೀರಾ ಸರಳ. ಎಷ್ಟು ಕೊಟ್ಟಿರಿ, ಎಷ್ಟು ಇಟ್ಟುಕೊಂಡಿರಿ ಅಂತ ಕ್ಲೋಸಿಂಗ್ ಡಿಸ್‌ಕ್ಲೋಷರ್‌ನಲ್ಲಿ ಎರಡು ಸಾಲಾಗಿ ಬರೆಯಿರಿ. ಬೆಲೆಯನ್ನು ಯಾರೂ ನಿಗದಿ ಮಾಡಬೇಕಾಗಿಲ್ಲ.

ವಿಚಿತ್ರ ಅಂದರೆ ಡಾಡ್-ಫ್ರಾಂಕ್ ಕಾನೂನಿನಲ್ಲೇ ಇದಕ್ಕೆ ಜಾಗವಿದೆ. ಅಪ್ರೈಸರ್ ಫೀಯನ್ನೂ ಎಎಂಸಿಯ ಆಡಳಿತ ಶುಲ್ಕವನ್ನೂ ಬೇರೆ ಬೇರೆ ತೋರಿಸಬಹುದು ಅಂತಿದೆ. ತೋರಿಸಲೇಬೇಕು ಅಂತಿಲ್ಲ. ಹೆಚ್ಚಿನ ಲೆಂಡರ್‌ಗಳು ತೋರಿಸುವುದಿಲ್ಲ. ಕೆಲವು ರಾಜ್ಯಗಳು ತಮ್ಮ ಎಎಂಸಿ ಕಾನೂನಿನಲ್ಲಿ ಫೀ ಬಿಡಿಸಿ ಹೇಳಬೇಕು ಅಂತ ಸೇರಿಸಿಕೊಂಡಿವೆ. ಅದೂ ಮನೆ ಕೊಳ್ಳುವವರಿಗೆ ಅಲ್ಲ, ಬಹಳಷ್ಟು ಸಲ ಲೆಂಡರ್‌ಗೆ.

ನಮ್ಮ ಎಪಿಎಂಸಿ ಯಾರ್ಡಿನ ದಲ್ಲಾಳಿಯನ್ನು ನೆನಪಿಸಿಕೊಳ್ಳಿ. ಅವರಿಗೂ ಲೈಸೆನ್ಸ್ ಬೇಕು, ಆದರೆ ಜಗಳ ಬರುವುದು ಲೈಸೆನ್ಸಿಗಲ್ಲ, ಪಟ್ಟಿಯಲ್ಲಿ ಬರೆದ ಕಮಿಷನ್ನಿಗೆ. ಪಟ್ಟಿಯಲ್ಲಿ ಕಮಿಷನ್ ಕಾಲಮ್ಮೇ ಇಲ್ಲದಿದ್ದರೆ ರೈತ ಏನಂತ ಜಗಳ ಆಡಬೇಕು?

ಎಎಂಸಿಗಳ ಮಾತನ್ನೂ ಕೇಳಬೇಕು. ನಾವು ಸುಮ್ನೆ ಕೂತು ಪಾಲು ತಿನ್ನುವವರಲ್ಲ ಅಂತ ಅವರು ಹೇಳುತ್ತಾರೆ. ಆರ್ಡರ್ ಕಳಿಸುವುದು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಅಂತ ನೋಡುವುದು, ಗಡುವಿನ ಬೆನ್ನು ಹತ್ತುವುದು, ವರದಿಯ ತಪ್ಪು ಹಿಡಿಯುವುದು, ಲೆಂಡರ್‌ನ ಒತ್ತಡ ತಮ್ಮ ಮೇಲೆ ಹೊರುವುದು, ಎಲ್ಲಕ್ಕೂ ಖರ್ಚಿದೆ. ಒಪ್ಪೋಣ. ಹಿಂದೆ ಲೆಂಡರ್ ತನ್ನ ಖರ್ಚಿನಲ್ಲಿ ಮಾಡುತ್ತಿದ್ದ ಕೆಲಸ ಇದು. ಈಗ ಅದರ ಬಿಲ್ಲು ಅಪ್ರೈಸಲ್ ಅನ್ನುವ ಹೆಸರಿನಲ್ಲಿ ಕೊಳ್ಳುವವರಿಗೆ ಬರುತ್ತಿದೆ. ನ್ಯಾಯವಾದ ಖರ್ಚಾದರೆ ಅದರ ಹೆಸರಿನಲ್ಲೇ ಬರೆಯಲು ಸಂಕೋಚ ಯಾಕೆ?

ಎಎಂಸಿ ಇಲ್ಲದೆಯೂ ಒತ್ತಡ ತಡೆಯಬಹುದು ಅನ್ನುವುದಕ್ಕೆ ಅಮೆರಿಕದಲ್ಲೇ ಉದಾಹರಣೆ ಇದೆ. ಮಾಜಿ ಸೈನಿಕರ ಮನೆಸಾಲಕ್ಕೆ ಗ್ಯಾರಂಟಿ ಕೊಡುವ ವೆಟರನ್ಸ್ ಅಫೇರ್ಸ್ ಇಲಾಖೆ ತನ್ನದೇ ಅಪ್ರೈಸರ್ ಪಟ್ಟಿ ಇಟ್ಟುಕೊಂಡಿದೆ. ಆರ್ಡರ್ ಬಂದರೆ ಸರದಿಯ ಪ್ರಕಾರ ಇಲಾಖೆಯೇ ಕೆಲಸ ಹಂಚುತ್ತದೆ. ಯಾವ ರಾಜ್ಯದಲ್ಲಿ ಎಷ್ಟು ಫೀ, ಎಷ್ಟು ದಿನ ಅಂತ ಪಟ್ಟಿ ಬಹಿರಂಗವಾಗಿದೆ. ಲೆಂಡರ್ ಆರಿಸುವಂತಿಲ್ಲ, ಬ್ರೋಕರ್ ಆರಿಸುವಂತಿಲ್ಲ. ಕೆಲವೊಮ್ಮೆ ನಿಧಾನ ಅನ್ನುವ ದೂರು ಇದೆ, ಅದು ನಿಜವೂ ಹೌದು. ಆದರೆ ಸ್ವತಂತ್ರ ಅಪ್ರೈಸಲ್ ಬೇಕಾದರೆ ಖಾಸಗಿ ಮಧ್ಯವರ್ತಿ ಬೇಕೇ ಬೇಕು ಅನ್ನುವ ವಾದ ಇದರ ಮುಂದೆ ನಿಲ್ಲುವುದಿಲ್ಲ.

ರಿಜಿಸ್ಟರಿನ ಆಚೆಗೆ

ಈ ನಡುವೆ ಮನೆಗೆ ಅಪ್ರೈಸರ್ ಬರುವುದೇ ಕಡಿಮೆಯಾಗುತ್ತಿದೆ. 2019ರಲ್ಲಿ ಬ್ಯಾಂಕ್ ನಿಯಂತ್ರಕರು ಪೂರ್ಣ ಅಪ್ರೈಸಲ್ ಕಡ್ಡಾಯವಾಗುವ ಮಿತಿಯನ್ನು ಮನೆಸಾಲಗಳಿಗೆ 2.5 ಲಕ್ಷದಿಂದ 4 ಲಕ್ಷ ಡಾಲರಿಗೆ ಏರಿಸಿದರು. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ತಮ್ಮಲ್ಲಿರುವ ದತ್ತಾಂಶ ನೋಡಿ ಹಲವು ಸಾಲಗಳಿಗೆ ಅಪ್ರೈಸಲ್ಲೇ ಬೇಡ ಅನ್ನುತ್ತಾರೆ. ಕಂಪ್ಯೂಟರ್ ಮಾದರಿಗಳು ಬೆಲೆ ಹೇಳುತ್ತವೆ. ಅಂಥ ಮಾದರಿಗಳ ಗುಣಮಟ್ಟಕ್ಕೆ ಆರು ಸಂಸ್ಥೆಗಳ ಪ್ರತ್ಯೇಕ ನಿಯಮ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದು ಮಾದರಿ ಬಳಸುವ ಲೆಂಡರ್‌ಗಳಿಗೆ ಹಾಕಿದ ಕಟ್ಟು. ರಾಜ್ಯದ ಎಎಂಸಿ ರಿಜಿಸ್ಟರಿಗೂ ಅದಕ್ಕೂ ಸಂಬಂಧವಿಲ್ಲ. ಹದಿನೈದು ಅಪ್ರೈಸರ್‌ಗಳ ಲೆಕ್ಕದ ಮೇಲೆ ಕಟ್ಟಿದ ನಿಯಮ, ಅಪ್ರೈಸರ್ ಬೇಡವಾದ ಸಾಲವನ್ನು ಹೇಗೆ ತಾನೇ ಹಿಡಿಯುತ್ತದೆ?

ಬೆಂಗಳೂರಿಗೂ ಈ ಕಥೆಯ ಒಂದು ಎಳೆ ಬರುತ್ತದೆ. ಅಮೆರಿಕದ ಮನೆಸಾಲದ ಕಾಗದಪತ್ರ ಪರಿಶೀಲನೆಯ ಕೆಲಸ ಭಾರತದ ಬ್ಯಾಕ್ ಆಫೀಸುಗಳಿಗೂ ಬರುತ್ತದೆ. ಅಪ್ರೈಸಲ್ ವರದಿಯಲ್ಲಿ ಕಾಲಮ್ಮು ತುಂಬಿದೆಯೇ, ಫೋಟೋ ಇದೆಯೇ, ಲೆಕ್ಕ ತಾಳೆಯಾಗುತ್ತದೆಯೇ ಅಂತ ನೋಡಲು ಲೈಸೆನ್ಸ್ ಬೇಡ. ಈ ಮನೆಗೆ ಇಷ್ಟು ಬೆಲೆ ಸರಿಯೋ ತಪ್ಪೋ ಅಂತ ಅಭಿಪ್ರಾಯ ಹೇಳಿದರೆ ಮಾತ್ರ ಅದು ಅಪ್ರೈಸಲ್ ವಿಮರ್ಶೆಯಾಗುತ್ತದೆ. ಅದಕ್ಕೆ ಲೈಸೆನ್ಸ್ ಬೇಕು ಅನ್ನುತ್ತವೆ ಎಎಂಸಿ ಕಾನೂನುಗಳು. ರಾತ್ರಿ ಪಾಳಿಯಲ್ಲಿ ಚೆಕ್‌ಲಿಸ್ಟ್ ಹಿಡಿದು ಕೂತವರು ಆ ಗೆರೆಯ ಈಚೆಯೇ ಇರಬೇಕು.

ನಮ್ಮಲ್ಲಿ ಮನೆಸಾಲ ತೆಗೆದುಕೊಳ್ಳುವಾಗ ಲೀಗಲ್, ಟೆಕ್ನಿಕಲ್ ಅಂತ ಎರಡು ಪರಿಶೀಲನೆ ಆಗುತ್ತದಲ್ಲ, ಆ ಟೆಕ್ನಿಕಲ್ ಮಾಡುವವರನ್ನು ಬ್ಯಾಂಕೇ ತನ್ನ ಪ್ಯಾನೆಲ್‌ನಿಂದ ಕಳಿಸುತ್ತದೆ. 2017ರ ನಿಯಮಗಳ ಪ್ರಕಾರ ಕಂಪನಿ ಕಾಯ್ದೆಯಡಿ ನೋಂದಾಯಿತ ಮೌಲ್ಯಮಾಪಕರಿದ್ದಾರೆ. ಆದರೆ ಆ ನಿಯಮ ಮಾಡಿದ್ದು ಕಂಪನಿ ಕಾಯ್ದೆ, ದಿವಾಳಿ ಪ್ರಕ್ರಿಯೆಗಳಿಗೆ. ಮೌಲ್ಯಮಾಪಕರೆಲ್ಲರಿಗೂ ಒಂದೇ ಕಾನೂನು ಬೇಕು ಅಂತ 2020ರಲ್ಲಿ ತಜ್ಞರ ಸಮಿತಿ ಕರಡು ಮಸೂದೆ ಕೊಟ್ಟಿತು. ಆ ಚರ್ಚೆ ಮತ್ತೆ ಶುರುವಾದರೆ, ಮೌಲ್ಯಮಾಪಕರಿಗೆ ಲೈಸೆನ್ಸ್ ಕೊಟ್ಟು ನಡುವಿನವರನ್ನು ಇಪ್ಪತ್ತು ವರ್ಷ ಮರೆತ ಅಮೆರಿಕದ ಅನುಭವ ಮೇಜಿನ ಮೇಲಿರಲಿ.

ಅಮೆರಿಕದಲ್ಲಿ ಈಗ ಮನೆ ಕೊಳ್ಳುತ್ತಿರುವವರು ಮಾಡಬಹುದಾದದ್ದು ಇಷ್ಟು. ಅಪ್ರೈಸಲ್ ವರದಿಯ ಪ್ರತಿ ನಿಮ್ಮ ಹಕ್ಕು. ಕ್ಲೋಸಿಂಗಿಗೆ ಮೂರು ಕೆಲಸದ ದಿನ ಮೊದಲೇ ಉಚಿತವಾಗಿ ಕೊಡಬೇಕು. ಎಎಂಸಿಯ ಹೆಸರು ಸಿಕ್ಕರೆ ಅಪ್ರೈಸಲ್ ಸಬ್‌ಕಮಿಟಿಯ ಜಾಲತಾಣದಲ್ಲಿ ಅದರ ನೋಂದಣಿ ಚಾಲ್ತಿಯಲ್ಲಿದೆಯೇ ಅಂತ ಯಾರು ಬೇಕಾದರೂ ನೋಡಬಹುದು. ಬೆಲೆ ತಪ್ಪಾಗಿದೆ ಅನ್ನಿಸಿದರೆ, ಹತ್ತಿರದ ಮನೆಗಳ ಮಾರಾಟದ ವಿವರ ಕೊಟ್ಟು ಮರುಪರಿಶೀಲನೆ ಕೇಳುವುದು ಲೆಂಡರ್ ಹತ್ತಿರ. ಇದರ ಬಗ್ಗೆ 2024ರ ಜುಲೈನಲ್ಲಿ ನಿಯಂತ್ರಕರು ಮಾರ್ಗಸೂಚಿಯನ್ನೂ ಕೊಟ್ಟಿದ್ದಾರೆ. ಅಪ್ರೈಸರ್ ನಡತೆಯ ಬಗ್ಗೆಯಾದರೆ, ಎಎಂಸಿ ಒತ್ತಡ ಹಾಕಿದ ಸುಳಿವು ಸಿಕ್ಕರೆ, ದೂರು ರಾಜ್ಯದ ಬೋರ್ಡಿಗೆ. ಕೊಟ್ಟ 600ರಲ್ಲಿ ಯಾರಿಗೆ ಎಷ್ಟು ಹೋಯಿತು ಅನ್ನುವುದನ್ನು ಲೆಂಡರ್ ಹತ್ತಿರ ಕೇಳಬಹುದು, ಮೇಲ್‌ನಲ್ಲೇ ಕೇಳಿ. ಉತ್ತರ ಕೊಡಲೇಬೇಕು ಅಂತ ಕೇಂದ್ರದ ಕಾನೂನು ಅವರಿಗೆ ಹೇಳಿಲ್ಲ.